ಶಂಖಪುಷ್ಪದ ಮುಖ

ಬಳ್ಳಾರಿಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಎಡಗಣ್ಣಿಗೆ ಪಟ್ಟಿ ಕಟ್ಟಿದ್ದ ವಯಸ್ಸಾದ ಹೆಂಗಸು. ನಿನ್ನೆ ಆಪರೇಷನ್ ಆಗಿ ಇಲ್ಲೇ ಉಳಿದಿದ್ದರಂತೆ. ಸಿರುಗುಪ್ಪದ ಬಸ್ಸಿಳಿದು ಬಂದ ಗಂಡ ಇನ್ನೂ ಕೂತಿರಲಿಲ್ಲ, ಆಕೆಯ ವಿಚಾರಣೆ ಶುರುವಾಯಿತು.

“ಪೂಜಿ ಮಾಡೀರೇನು?”

“ಮಾಡೀನಿ.”

“ಹೂವು ಬೋರಲು ಹಾಕಿಲ್ಲ ಹೌದಿಲ್ಲೋ? ಮುಖ ಮ್ಯಾಲಿರಬೇಕು.”

“ಹಿತ್ತಲದಾಗ ಶಂಖಪುಷ್ಪ ಬಿಟ್ರ ಬ್ಯಾರೆ ಹೂವಿರಲಿಲ್ಲ. ಅದಕ್ಕ ಮ್ಯಾಲೆ ಯಾವುದು, ಕೆಳಗ ಯಾವುದು?”

“ಕಾಲೇಜಿನಾಗ ಸಸ್ಯಶಾಸ್ತ್ರ ಹೇಳಿದೋರು ನೀವು. ನನ್ನ ಕೇಳತೀರೇನು?”

“ಅದಕ್ಕ ಕೇಳಾಕತ್ತೀನಿ. ಈ ಹೂವಿನ ತೊಟ್ಟು ತಿರುವಿಕೊಂಡು ಹೂವು ತಲಿಕೆಳಗಾಗತೈತಿ. ಮ್ಯಾಲಿರಬೇಕಾದ ದೊಡ್ಡ ಎಸಳು ಕೆಳಗ ಬರತೈತಿ. ಅದಕ್ಕ ರೆಸುಪಿನೇಟ್ ಅಂತಾರ.”

“ಪಾಠ ಸಾಕ್ರಿ. ಕಡೀಗೆ ಹೆಂಗ ಇಟ್ರಿ?”

ಗಂಡ ಕನ್ನಡಕ ತೆಗೆದು ಒರೆಸಿದರು.

“ಒಂದೊಂದು ಹೂವೂ ನೀ ಪೂಜಿಗೆ ಕುಂದ್ರೋ ಮಣಿ ಕಡೆಗೆ ಮುಖ ಮಾಡಿ ಇಟ್ಟೆ.”

“ಅಯ್ಯ, ದೇವರಿಗೆ ಬೆನ್ನು ಮಾಡಿ?”

“ಮಣಿ ಖಾಲಿ ಇತ್ತಲ್ಲ.”

ಆಕೆ ಸೆರಗು ಸರಿಮಾಡಿಕೊಂಡರು. ಅಷ್ಟರಲ್ಲಿ ನರ್ಸ್ ಕರೆದರು.

“ಸುನಂದಮ್ಮ, ಪಟ್ಟಿ ಬಿಚ್ಚಾಕ ಬರ್ರಿ.”

ಗಂಡ ಕೈ ಹಿಡಿದು ಎಬ್ಬಿಸಿದರು. ಇಬ್ಬರೂ ಮೆಲ್ಲಗೆ ನಡೆದರು. ಬಾಗಿಲ ಬಳಿ ಆಕೆ ನಿಂತದ್ದು ಕಂಡಿತು.

“ಮನೀಗೆ ಹೋದ ಕೂಡ್ಲೆ ಆ ಹೂವು ತೆಗೆದೀರಿ ಮತ್ತ! ಈ ಕಣ್ಣಿಲೆ ಮೊದಲು ನಾ ಆ ಹೂವ ನೋಡಬೇಕು.”