‘ಉಠಾ ದೇನಾ’ ಅಂದ್ರ ಏನು

...ಇಲ್ಲರಿ ಭಾಬಿ, ಹಾಂಗ ಬರದು ಕೊಡ್ಲಕ್ಕ ಬರಲ್ಲ. ನೀವು ಔರಾದದಿಂದ ಮುಂಜಾನಿ ಮೋಟಾರಿಗಿ ಬಂದೀರಿ, ಒಂದು ಗುಟುಕು ನೀರೂ ಮುಟ್ಟಿಲ್ಲ, ಎಲ್ಲಾ ಖರೆ. ಆದ್ರ ಇದು ಆರು ವರ್ಷದ ಹಿಂದಿನ ಮಾತು. ಪೋಲೀಸ್ ಆಕ್ಷನ್ ಆದ ಹೊಸ್ತಿಲದಾಗ ಆದ ಖಟ್ಲೆ. ಚೀಟಿ ತರ್ಜುಮಾ ಆಗ್ಯದ, ಅದರ ಮ್ಯಾಲ ಮೊಹರ ಬಿದ್ದದ. ಇವತ್ತ ಹಾವಗೆಪ್ಪ ಮಾಸ್ತರ ಎದ್ದು ಆ ತರ್ಜುಮಾ ಸರಿ ಇಲ್ಲ ಅಂದ್ರ ಕೇಳೋರು ಯಾರು? ಅದನ್ನ ಮಾಡಿದಾವನೂ ಇದೇ ಹಾವಗೆಪ್ಪ ಮಾಸ್ತರ, ನಾನೇ.

ಕುಂದ್ರಿ. ಆ ಕುರ್ಚಿ ಬ್ಯಾಡ, ಕಾಲು ಅಲಗ್ತದ. ಇಲ್ಲಿ ಚಾಪಿ ಮ್ಯಾಲ ಕುಂದ್ರಿ. ನಮ್ಮ ಮನಿಯಾಕಿ ಕಸ್ತೂರಿ ಗಾಂಧಿ ಗಂಜ್ ಬಜಾರಕ್ಕ ಹೋಗ್ಯಾಳ, ತೊಗರಿಬ್ಯಾಳಿ ತರ್ಲಕ್ಕ. ಆಕಿ ಬಂದ ಮ್ಯಾಲ ಚಾ... ಬ್ಯಾಡಾ? ಆಯ್ತು.

ನಿಮ್ಮ ಸಂಕಟ ನನಗ ತಿಳೀತದ. ನಿಮ್ಮ ಗಂಡ ಕುತುಬ ಹೋಗಿ ಎರಡು ವರ್ಷ ಆಯ್ತು. ಜೇಲಿನಾಗ, ಎದಿ ರೋಗದಿಂದ, ಮಣ್ಣಿಗಿ ನಿಮ್ಮನ್ನ ಕರೀಲಿಲ್ಲ ಅಂತ ಕೇಳಿನಿ. ಈಗ ಅಜೀಜಾಗ ಸಾಲ್ಯಾಗ ಹುಡುಗಿಯರು ‘ಖೂನಿಯವನ ಮಗಳು’ ಅಂತಾರ. ಹತ್ತು ವರ್ಷದ ಕೂಸು, ಸಾಲಿ ಬಿಟ್ಟು ಮನ್ಯಾಗ ಕುಂತದ. ಅದಕ್ಕ ನೀವು ಒಂದು ಕಾಗದ ಬೇಡ್ಲಕ್ಕ ಬಂದೀರಿ. ನನ್ನ ಗಂಡ ಬರದ ಚೀಟಿಗಿ ಖರೆ ಅರ್ಥ ಏನಂತ ಬರದು ರುಜು ಮಾಡಿ ಕೊಡ್ರಿ ಅಂತ. ನ್ಯಾಯದ ಮಾತೇ ಅದ. ಅಲ್ಲ ಅಂಬಲ್ಲ ನಾ.

ಆದ್ರ ಅರ್ಥ ಅಂಬೋದು ಅಷ್ಟು ಹಗೂರ ಇಲ್ಲರಿ. ಇಪ್ಪತ್ತು ವರ್ಷ ಮೂರು ಭಾಷಾ ಕಲಿಸಿದಾವ ನಾ, ಹೇಳ್ತೇನಿ ಕೇಳ್ರಿ. ಮನಿ ಬಿಟ್ಟು ಹೊಂಟಾವ ಏನಂತಾನ? ‘ಬರ್ತೇನಿ’ ಅಂತಾನ. ಹೊಂಟದ್ದು ಹೊರಗ, ಬಾಯಾಗಿನ ಮಾತು ‘ಬರ್ತೇನಿ’. ಬಾಗಲದಾಗ ನಿಂತು ನೋಡಿದಾವಗ ತಿಳೀತದ. ಕಾಗದದ ಮ್ಯಾಲ ಬರೇ ಅದೊಂದೇ ಮಾತು ಓದಿದಾವಗ ಹ್ಯಾಂಗ ತಿಳೀಬೇಕು?

ಚೀಟಿ ಮತ್ತೊಮ್ಮೆ ಓದ್ತೇನಿ. ನಿಮಗ ಬಾಯಿಪಾಠ ಇರಬೇಕು, ಆದ್ರೂ ಓದ್ತೇನಿ. ‘ಕಲ್ ಫಜರ್ ಕೂ ಗಾಡೀ ಆತೀ. ಉಸ್ಕೆ ಪೈಲೇ ಊಪರ್ ಕೀ ಗಲ್ಲೀ ಕೆ ಲೋಗಾಂ ಕೂ ಉಠಾ ದೇನಾ. ಏಕ್ ಭೀ ಬಾಕೀ ನೈ ರೈನಾ.’ ನಾಳಿ ನಸುಕಿನ ನಮಾಜಿನ ಹೊತ್ತಿಗಿ ಗಾಡಿ ಬರ್ತದ. ಅದಕ್ಕೂ ಮೊದಲ ಮ್ಯಾಲಿನ ಓಣಿ ಮಂದಿಗಿ ಉಠಾ ದೇನಾ. ಒಬ್ಬರೂ ಉಳೀಬಾರದು. ಅಷ್ಟೇ. ಕೆಳಗ ಕುತುಬೋದ್ದೀನ ಅಂತ ರುಜು. ಯಾರಿಗಿ ಅಂತ ಬರದಿಲ್ಲ.

ನೀವು ಮಗಳಿಗಿ ದಿನಾ ಮುಂಜಾನಿ ಉಠಾತೀರಿ. ಅಲ್ಲಿ ಅದಕ್ಕ ಎಬ್ಬಿಸೋದು ಅಂತ ಅರ್ಥ. ಗಂಜಿನ ಹಮಾಲ ಚೀಲ ಉಠಾತಾನ. ಅಲ್ಲಿ ಎತ್ತೋದು. ಒಬ್ಬಾತಗ ದುನಿಯಾದಿಂದ ಉಠಾದ್ರು ಅಂದ್ರ... ಅದೂ ಅದ. ಮಾತು ಒಂದೇ.

ಆ ಚೀಟಿ ಬರದ ಮರುದಿನ ನಸುಕಿನ್ಯಾಗ ರಜಾಕಾರರ ಲಾರಿ ನಮ್ಮ ಹಳ್ಳಿಗಿ ಬಂತು. ಮ್ಯಾಲಿನ ಓಣಿಯಾಗ ಒಂಬತ್ತು ಮಂದಿ ಸತ್ರು. ಎರಡು ತಿಂಗಳಿಗಿ ಫೌಜು ಬಂತು, ನಿಜಾಮರ ರಾಜ್ಯ ಹೋಯ್ತು. ಆಮ್ಯಾಲ ಊರ ಅಗಸಿ ಬಾಗಲದ ಬಲ್ಲಿ ಮುಳ್ಳುಬೇಲ್ಯಾಗ ಈ ಚೀಟಿ ಸಿಕ್ತು. ರುಜು ಕುತುಬನದು, ಭಾಲ್ಕಿ ತಹಸೀಲಿನ ಗುಮಾಸ್ತನದು. ಊರ ಮಂದಿ ಎದಿ ಸುಟ್ಟುಕೊಂಡು ಕುಂತಿದ್ರು. ಅಂಥಾ ಹೊತ್ತಿನ್ಯಾಗ ಆ ಚೀಟಿ ಓದಿದಾವಗ ‘ಎಬ್ಬಿಸು’ ಅಂತ ಹ್ಯಾಂಗ ಕೇಳಸ್ಬೇಕು, ಹೇಳ್ರಿ?

ಫೌಜಿನ ಕ್ಯಾಂಪಿನ ಸಾಹೇಬ ಮದ್ರಾಸ ಕಡಿಯವ. ಬಜಾರದ ಹಿಂದಿ ನಾಕು ಮಾತು ಬರ್ತಿದ್ದವು, ಅಷ್ಟೇ. ಉರ್ದು, ಕನ್ನಡ, ಇಂಗ್ಲಿಷು ಮೂರೂ ಬಲ್ಲಾವ ಬೇಕಂತ ನನ್ನ ಕರಸಿದ್ರು. ನಾ ಹೋಗ್ತೇನಿ ಅಂದಿದ್ದಿಲ್ಲರಿ. ಬಂದೂಕದ ಸಿಪಾಯಿ ಬಂದು ಕರದ್ರ ಯಾವ ಮಾಸ್ತರ ಬರಲ್ಲ ಅಂತಾನ?

ಸಾಹೇಬ ಕೇಳಿದ, ಈ ಮಾತಿನ ಅರ್ಥ ಏನು? ಎತ್ತೋದು ಅಂದೆ. ಎತ್ತೋದು ಅಂದ್ರ? ಇದ್ದ ಜಾಗಾದಿಂದ ತಗಿಯೋದು ಅಂದೆ. ಒಬ್ಬರೂ ಉಳೀದಂಗ? ಹೌದು, ಹಾಂಗ ಬರದಾನ ಅಂದೆ. ಅವಾ ಪೆನ್ನು ಕೆಳಗಿಟ್ಟು ನನ್ನ ಮಾರಿ ನೋಡಿದ. ಅಂದ್ರ ಕೊಲ್ಲೋದಾ ಅಂದ. ನಾ ಏನಂದೆ ಗೊತ್ತದ? ‘ಹಾಂಗೂ ಅಂತಾರ ಸಾಹೇಬ.’ ಇದರಾಗ ಸುಳ್ಳು ಯಾವುದು ತೋರ್ಸ್ರಿ. ಯಾವ ಮುನ್ಷಿಗಿ ಬೇಕಾದ್ರೂ ಕೇಳ್ರಿ. ನಾ ಹೇಳಿದ್ದು ಒಂದೊಂದು ಮಾತೂ ಸರಿ ಅದ.

ಹಾಂಗ ನೋಡಬ್ಯಾಡ್ರಿ ಭಾಬಿ.

ಕುತುಬಗೂ ಕೇಳಿದ್ರು. ಕೇಳಲಿಲ್ಲ ಅಂತಲ್ಲ. ಕೈಗಿ ಬೇಡಿ ಹಾಕಿ ನಿಂದರಸಿದ್ರು. ಗಡ್ಡ ಬೆಳದಿತ್ತು, ಒಂದು ಕಣ್ಣು ಬಾತಿತ್ತು. ಆ ಮಂದಿಗಿ ಉಳಸ್ಲಕ್ಕ ಬರದಿನಿ ಅಂದ. ಕಚೇರ್ಯಾಗ ಇಬ್ಬರು ಮಾತಾಡೋದು ಕಿವಿಗಿ ಬಿತ್ತು, ನಾಳಿ ಲಾರಿ ಹೋಗ್ತದಂತ, ಅದಕ್ಕ ಎಬ್ಬಿಸಿ ಕಳಸ್ರಿ ಅಂತ ಬರದಿನಿ ಅಂದ. ಮತ್ತ ಹಾಂಗಂತ ಬಿಚ್ಚಿ ಯಾಕ ಬರೀಲಿಲ್ಲ ಅಂತ ಸಾಹೇಬ ಕೇಳಿದ. ಹಾದ್ಯಾಗ ರಜಾಕಾರರ ಕೈಗಿ ಸಿಕ್ಕರ ತಮ್ಮವನೇ ಬರದಾನ ಅಂತ ತಿಳ್ಕೊಂಡು ಬಿಡಬೇಕು, ಅದಕ್ಕ ಎರಡೂ ಕಡಿ ಕೂಡೋ ಮಾತು ಹುಡುಕಿ ಬರದಿನಿ ಅಂದ. ಅವನ ಜಾಣತನ ನೋಡ್ರಿ. ಅದೇ ಕೊರಳಿಗಿ ಬಂತು.

ಇದನ್ನೆಲ್ಲಾ ನಾ ಇದ್ದದ್ದಿದ್ದಾಂಗ ತರ್ಜುಮಾ ಮಾಡಿನಿ. ಆಣಿ ಮಾಡಿ ಹೇಳ್ತೇನಿ. ಸಾಹೇಬಗ ನಂಬಿಗಿ ಬರಲಿಲ್ಲ. ಬರಲಿಲ್ಲಾಂದ್ರ ನಾ ಏನ್ ಮಾಡ್ಲಿ? ಒಂದು ಚೀಟಿಗಿ ಬರದಾವ ಒಬ್ಬ ಇರ್ತಾನ, ಓದಾವ ಒಬ್ಬ ಇರ್ತಾನ. ಇಬ್ಬರನ್ನೂ ಎದುರಿಗಿ ನಿಂದರಸಿದ್ರ ಅರ್ಥ ತಾನೇ ಹೊರಗ ಬರ್ತದ. ಅಲ್ಲಿ ಬರದಾವ ಒಬ್ಬನೇ ಇದ್ದ...

ಏನು? ಏನೂ ಅನ್ಲಿಲ್ಲಾ? ಏನೋ ಅಂದಂಗಾಯ್ತು.

ನೋಡ್ರಿ, ನಾ ಆವಾಗ ಹಳ್ಳ್ಯಾಗೇ ಇದ್ದಿದ್ದಿಲ್ಲ. ಸಾಲಿ ಮಾಸ್ತರ ಇದ್ದೆ ಖರೆ, ಮನಿ ಮ್ಯಾಲಿನ ಓಣಿಯಾಗೇ ಇತ್ತು. ಆದ್ರ ಅವತ್ತ ನಮ್ಮ ಅತ್ತಿಗಿ ಆರಾಮ ಇಲ್ಲಂತ ಕಸ್ತೂರಿನ್ನ ಕರ್ಕೊಂಡು ಅವರೂರಿಗಿ ಹೋಗಿದ್ದೆ. ದೇವರು ದೊಡ್ಡಾವ, ಉಳಕೊಂಡಿವಿ. ಯಾಕ ನಕ್ಕ್ರಿ ಭಾಬಿ? ನಗೋ ಮಾತು ಏನಂದೆ? ಅದು ನಗಿ ಅಲ್ಲೇನು ಮತ್ತ... ಇರ್ಲಿ.

ಒಂದು ಮಾಡೋಣ. ನಡುವಿನ ಹಾದಿ. ‘ಉಠಾ ದೇನಾ ಅಂಬೋ ಮಾತಿಗಿ ಎಬ್ಬಿಸೋದು ಅಂಬೋ ಅರ್ಥನೂ ಅದ’ ಅಂತ ಬರದು ರುಜು ಮಾಡ್ತೇನಿ. ಅದು ಖರೆನೂ ಅದ, ಯಾರಿಗೂ ತೊಂದ್ರಿ ಇಲ್ಲ. ಸಾಲಿ ಹೆಡ್‌ಮಾಸ್ತರಗ ತೋರಸ್ರಿ...

ಸಾಲಲ್ಲಾ. ಹೌದು, ಸಾಲಲ್ಲ. ನನಗೂ ಗೊತ್ತು. ಎರಡು ಅರ್ಥ ಇದ್ದ ಮ್ಯಾಲ ಓದಾವ ತನಗ ಬೇಕಾದದ್ದೇ ತಗೋತಾನ.

ಖಟ್ಲ್ಯಾಗ ಇನ್ನೊಂದು ಆಯ್ತು. ನಿಮಗ ಯಾರೂ ಹೇಳಿರ್ಲಿಕ್ಕಿಲ್ಲ, ಅಲ್ಲಿ ಇದ್ದೋರಿಗೂ ತಿಳಿಲಿಲ್ಲ. ಸಾಹೇಬ ಕಡೀಗಿ ಕುತುಬಗ ಕೇಳಿದ, ಈ ಚೀಟಿ ಯಾರಿಗಿ ಬರದಿ? ಕುತುಬ ನನ್ನ ಕಡಿ ನೋಡಿದ. ಭಾಲ್ಕಿ ಸಾಲ್ಯಾಗ ಆರು ವರ್ಷ ಒಂದೇ ಬೆಂಚಿನ ಮ್ಯಾಲ ಕುಂತೀವಿ ನಾವು. ಅವಗ ಕನ್ನಡ ಬರೀಲಕ್ಕ ನಾ ಕಲಸ್ತಿದ್ದೆ, ಅವಾ ಕಲೀಲಿಲ್ಲ. ನನಗ ಉರ್ದು ಅವಾ ಕಲಸಿದ. ನನ್ನನ್ನೇ ನೋಡಿ ಕುತುಬ ಮೆಲ್ಲಕ ಅಂದ, ‘ಇನೋಕುಚ್ ಪೂಛೋ.’

ನೀವು ದಖನಿ ಮಾತಾಡೋರು, ನಿಮಗ ಬಿಡಿಸಿ ಹೇಳಬೇಕಾಗಿಲ್ಲ. ಇನೋಕುಚ್. ‘ಇವರಿಗೇ ಕೇಳ್ರಿ.’ ಕೈ ಎತ್ತಿ ತೋರ್ಸ್ಲಕ್ಕ ಬರ್ತಿದ್ದಿಲ್ಲ, ಬೇಡಿ ಇತ್ತು. ಮದ್ರಾಸ ಸಾಹೇಬಗ ಕಡೀ ಎರಡೇ ಮಾತು ಕೇಳಿಸಿದವು. ಕುಛ್ ಪೂಛೋ. ಏನಾದ್ರೂ ಕೇಳು. ಅವಾ ನನ್ನ ಕಡಿ ತಿರುಗಿ, ಏನಾದ್ರೂ ಕೇಳ್ರಿ ಅಂತಾನೇನು ಅಂದ.

ನಾ ಹೂಂ ಅಂತ ತಲಿ ಹಾಕಿನಿ.

ತಲಿನೇ ಹಾಕಿದ್ದು. ಬಾಯಿ ಬಿಡಲಿಲ್ಲ. ಸೊಕ್ಕಿನ ಮನಷ್ಯಾ ಅಂತ ಸಾಹೇಬ ಸಿಟ್ಟಿಗೆದ್ದ, ಬರಕೊಂಡ. ಕುತುಬ ಮತ್ತ ಬಾಯಿ ತಗೀಲಿಲ್ಲ. ಹೆಸರು ಹಿಡದು ಒದರಬಹುದಿತ್ತು. ಯಾಕ ಒದರಲಿಲ್ಲೋ. ನಾ ತಾನೇ ಎದ್ದು ಹೇಳ್ತೇನಿ ಅಂತ ಕಾದಿದ್ನೋ, ನನ್ನ ತಲಿ ಅಲ್ಲಾಡಿದ್ದು ನೋಡಿ ಮನಸ್ಸು ಒಡದುಹೋಯ್ತೋ. ಆರು ವರ್ಷದಿಂದ ಅದನ್ನೇ...

ನೀವು ಒಂದು ಕೇಳ್ಲಿಲ್ಲ ಭಾಬಿ.

ಬಂದಾಗಿನಿಂದ ನೋಡ್ಲಕ್ಕತೀನಿ. ಚೀಟಿ ಯಾರಿಗಿ ಬರದದ್ದು ಅಂತ ಎಲ್ಲರೂ ಕೇಳ್ತಾರ. ಸಾಹೇಬ ಕೇಳಿದ, ವಕೀಲ ಕೇಳಿದ, ಊರಾಗಿನ ಮಂದಿ ಇವತ್ತಿಗೂ ಕೇಳ್ತಾರ. ‘ಇವರಿಗೇ ಕೇಳ್ರಿ’ ಅಂದ ಅಂತ ಈಗ ಹೇಳಿದ ಮ್ಯಾಲೂ, ‘ಮಾಸ್ತರ, ನಿಮ್ಮನ್ನೇ ಯಾಕ ತೋರಿಸಿದ’ ಅಂತ ನೀವು ಕೇಳ್ಲಿಲ್ಲ. ರೆಪ್ಪಿ ಸೈತ ಅಲಗಲಿಲ್ಲ.

ಬಳಿಗಾರ್ತಿ ಬಿಸ್ಮಿಲ್ಲಾಬೀ ಹೇಳಿದಳಾ?

ಹೇಳ್ಯಾಳ. ಗಲಾಟ್ಯಾಗ ಹೈದರಾಬಾದಿಗಿ ಓಡಿ ಹೋದಾಕಿ ಮತ್ತ ಬರಲ್ಲ ಅಂತ ತಿಳಿದಿದ್ದೆ. ಬಂದು ಹೇಳ್ಯಾಳ. ಬಳಿ ಗಂಟಿನ್ಯಾಗ ಚೀಟಿ ಇಟ್ಕೊಂಡು ಭಾಲ್ಕಿಯಿಂದ ನಡಕೋತ ಬಂದು ಯಾರ ಕೈಗಿ ಕೊಟ್ಟೆ ಅಂತ ಹೇಳ್ಯಾಳ. ಆ ಹಳ್ಳ್ಯಾಗ ಉರ್ದು ಓದ್ಲಕ್ಕ ಬರ್ತಿದ್ದಾವ ಒಬ್ಬನೇ ಇದ್ದ.

ಹಾಂಗಾದ್ರ ಎಲ್ಲಾ ಗೊತ್ತಿದ್ದೇ ಬಂದೀರಿ. ಗೊತ್ತಿದ್ದೂ ಒಂದು ತಾಸು ಸುಮ್ಮ ಕುಂತು ಕೇಳೀರಿ. ನನ್ನ ಬಾಯಿಂದೇ ಬರ್ಲಿ ಅಂತ.

ದೀಪ ಹಚ್ಚೋ ಹೊತ್ತಿಗಿ ಚೀಟಿ ಬಂತು. ಓದಿದ ಕೂಡ್ಲೇ ತಿಳೀತು. ಒಂದು ಗಳಿಗಿ ಸೈತ ಅನುಮಾನ ಬರಲಿಲ್ಲ ನನಗ. ಕುತುಬ ಬರದಾನ, ನನಗ ಬರದಾನ, ಅಂದ ಮ್ಯಾಲ ಎಬ್ಬಿಸು ಅಂತಲೇ. ಹದಿನೇಳು ಮನಿ ಇದ್ದವು ಓಣಿಯಾಗ. ನಾ ಲೆಕ್ಕ ಹಾಕಿದೆ. ಹದಿನೇಳು ಮನಿ ಒಮ್ಮೆಲೇ ಗಾಡಿ ಕಟ್ಟಿದ್ರ ಗದ್ದಲ ಆಗ್ತದ, ಕೂಸು ಅಳ್ತಾವ, ಕೆಳಗಿನ ಓಣಿಯಾಗ ರಜಾಕಾರರ ಮಂದಿ ಇಬ್ಬರಿದ್ರು, ಅವರಿಗಿ ಗೊತ್ತಾಗ್ತದ, ಹಾದಿ ಕಟ್ಟಿದ್ರ ಯಾರೂ ಉಳಿಯಲ್ಲ. ಒಂದು ಮನಿ ಹೋದ್ರ ಯಾರಿಗೂ ತಿಳಿಯಲ್ಲ. ಮುಂದಿನ ಊರಿಗಿ ಹೋಗಿ ಯಾರದಾರ ಕೈಲೆ ಹೇಳಿ ಕಳಸ್ತೇನಿ ಅಂತ ಕಸ್ತೂರಿಗಿ ಅಂದೆ. ನನಗ ನಾನೂ ಅಂದೆ. ಕಳಸಲಿಲ್ಲ.

ಹೊರಗ ಬಂದ್ರ ಪಕ್ಕದ ಮನಿ ಗುರಮ್ಮ ಅಂಗಳದಾಗ ಜೋಳ ಹಸನ ಮಾಡ್ಲಕ್ಕತ್ತಿದ್ದಳು. ಮಗಳು ಬಾಣಂತನಕ್ಕ ಬಂದಿದ್ದಳು, ಒಳಗ ಕೂಸು ಅಳ್ತಿತ್ತು. ‘ಈಟೊತ್ತಿನ್ಯಾಗ ಎಲ್ಲಿಗ್ರಿ ಮಾಸ್ತರ’ ಅಂದಳು. ಅತ್ತಿಗಿ ಆರಾಮಿಲ್ಲ, ಅವರೂರಿಗಿ ಅಂದೆ. ಅವತ್ತ ಹೇಳಿದ ಸುಳ್ಳನ್ನೇ ಇವತ್ತಿನ ತನಕ ಎಲ್ಲರಿಗೂ ಹೇಳ್ತಾ ಬಂದೀನಿ, ಈಗ ನಿಮಗೂ ಹೇಳಿದೆ. ಗುರಮ್ಮ ಎದ್ದು ಒಳಗ ಹೋಗಿ ಎರಡು ರೊಟ್ಟಿ ಅರಿವ್ಯಾಗ ಕಟ್ಟಿ ಕೊಟ್ಟಳು, ಹಾದ್ಯಾಗ ತಿನ್ರಿ ಅಂತ. ಇಸ್ಕೊಂಡೆ. ಅಗಸಿ ದಾಟೋ ಮುಂದ ಚೀಟಿ ಬೇಲ್ಯಾಗ ಒಗದೆ.

ಸಾಹೇಬಗ ಖರೆ ಅರ್ಥ ಹೇಳ್ಬೇಕಂದ್ರ, ಆ ಚೀಟಿ ನನಗ ಬಂದಿತ್ತು ಅಂತ ಹೇಳ್ಬೇಕಿತ್ತು. ಬಂದಿತ್ತು ಅಂದ್ರ, ಮತ್ತ ಯಾಕ ಎಬ್ಬಿಸಲಿಲ್ಲ ಅಂತ ಊರು ಕೇಳ್ತಿತ್ತು. ಆ ನಸುಕಿನ್ಯಾಗ ಸತ್ತ ಗುರಮ್ಮನ ಗಂಡ ಹೊರಗೇ ಕುಂತಿದ್ದ, ಕ್ಯಾಂಪಿನ ಕಟ್ಟಿ ಮ್ಯಾಲ, ಕೈಯಾಗ ಕೊಡ್ಲಿ ಹಿಡ್ಕೊಂಡು.

ಕಾಗದ ಕೊಡ್ರಿ ಇಲ್ಲಿ.

ಬರೀಲಕ್ಕತೀನಿ. ಬರದಾಂಗ ಓದ್ತೇನಿ, ಕೇಳ್ರಿ. ‘ಹಾವಗೆಪ್ಪ ಅಂಬೋ ನಾನು ಬರದು ಕೊಟ್ಟದ್ದು. ಈ ಚೀಟಿ ಕುತುಬೋದ್ದೀನ ನನಗ ಬರದದ್ದು. ನನ್ನ ಕೈಗಿ ಮುಟ್ಟಿತ್ತು. ಇದರಾಗ ಉಠಾ ದೇನಾ ಅಂದ್ರ ಎಬ್ಬಿಸು ಅಂತ. ಓದಿದ ಕೂಡ್ಲೇ ನನಗ ಹಾಂಗೇ ತಿಳೀತು. ನಾನು ಎಬ್ಬಿಸಲಿಲ್ಲ. ಎಬ್ಬಿಸದೇ ಇದ್ದದ್ದಕ್ಕ ಸತ್ತೋರು ಒಂಬತ್ತು ಮಂದಿ.’

ರುಜು ಮಾಡಿನಿ. ತಗೋರಿ.

ತಗೋರಿ ಭಾಬಿ. ಯಾಕ... ಇನ್ನೇನು ಉಳೀತು ಬರೀಲಕ್ಕ?

ಹಾಂ. ಕೊಡ್ರಿ ಇತ್ತ. ಒಂಬತ್ತು ಹೊಡದು ಹಾಕ್ತೇನಿ. ಕುತುಬನ್ನ ಹಿಡದು ಹತ್ತು ಅಂತ ಬರೀತೇನಿ.