ಗೆದ್ದವನೇ ಕೊಡಿಸಬೇಕು

ನಮ್ಮ ಆರ್ನೆಯ ಹೆಂಡತಿ ಲೆಂಪಿ, ಮಗಳು ಕ್ಯಾರಿನ್, ಬಂದರಿನ ಧಾನ್ಯದ ಗೋದಾಮಿನಲ್ಲಿ ನಮ್ಮ ಜೊತೆ ಮೂವತ್ತು ವರ್ಷ ಗೋಧಿಯ ಧೂಳು ಕುಡಿದ ಗೆಳೆಯರೇ, ಹಿಮದ ಮೇಲೆ ಕಲ್ಲು ಜಾರಿಸಿ ಆಡುವ ಈ ಕರ್ಲಿಂಗ್ ಕ್ಲಬ್ಬಿನ ಹಿರಿಯರೇ, ಕಿರಿಯರೇ — ಇಂಥ ಚಳಿಯಲ್ಲಿ ಬಂದು ಕೂತಿದ್ದೀರಿ, ನಿಮಗೆಲ್ಲ ನನ್ನ ನಮಸ್ಕಾರ. ಮೇಲಿನ ಬೆಚ್ಚಗಿನ ಹಾಲ್ ಬೇಡ, ಹಿಮದ ಅಂಕಣದ ಪಕ್ಕದಲ್ಲೇ ಕುರ್ಚಿ ಹಾಕಿ ಎಂದು ಹೇಳಿಹೋದವನು ಆರ್ನೆಯೇ. ಕೈಗವಸು ಯಾರೂ ತೆಗೆಯಬೇಡಿ. ತೆಗೆಯುವ ಹೊತ್ತು ಬಂದಾಗ ನಾನೇ ಹೇಳುತ್ತೇನೆ.

ಎಷ್ಟು ಜನ ಬಂದಿದ್ದೀರಿ! ಹಿಂದೆ ನಿಂತವರಿಗೆ ಕುರ್ಚಿಯೂ ಇಲ್ಲ. ಬಾಗಿಲಲ್ಲಿ ನಿಂತು ನೋಡಿದಾಗ ಮೊದಲು ಬಂದ ಯೋಚನೆ ಏನು ಗೊತ್ತೇ — ನಾನು ಸತ್ತರೆ ನನ್ನ ಸಭೆಗೆ ಇದರ ಅರ್ಧವೂ ಸೇರುವುದಿಲ್ಲ. ಪಕ್ಕದಲ್ಲಿದ್ದ ನನ್ನ ಹೆಂಡತಿ ವೆರ್ನಾಳಿಗೆ ಹಾಗೆಂದೆ ಕೂಡ. ಅವಳು, "ಸತ್ತವರ ಮೇಲೂ ಹೊಟ್ಟೆಕಿಚ್ಚಾ ನಿಮಗೆ? ಸುಮ್ನೆ ಒಳಗೆ ನಡೀರಿ" ಎಂದಳು.

ಹೌದು, ಹೊಟ್ಟೆಕಿಚ್ಚೇ. ಗೊತ್ತಿಲ್ಲದವರು ಇಲ್ಲಿ ಯಾರಿದ್ದಾರೆ? ಆರ್ನೆ ಕೊಸ್ಕೆಲಾನ ಬಗ್ಗೆ ಮಾತಾಡಲು ಮೈರನ್ ಪಾವ್ಲಿಕ್ ಎಂಬ ನನ್ನನ್ನು ಕರೆದರೆ ಇನ್ನೇನು ಸಿಗುತ್ತದೆ? ಅವನ ತಲೆಗೂದಲು ಉದುರಲಿಲ್ಲ, ನನ್ನದು ಉದುರಿತು. ಅವನ ಉಗಿಸ್ನಾನದ ಸೌನಾದ ಒಲೆ ಒಂದೇ ಕಡ್ಡಿಗೆ ಹತ್ತುತ್ತಿತ್ತು. ನನ್ನದು ಬರೀ ಹೊಗೆ. ಅದೆಲ್ಲ ಹೋಗಲಿ. ನಾನು ಹೇಳಬೇಕೆಂದಿರುವುದು ಷೇರಿನ ವಿಷಯ.

ಸರ್ಕಾರ ತೆರಿಗೆಯಿಲ್ಲದ ಉಳಿತಾಯ ಖಾತೆ ಅಂತ ಹೊಸದಾಗಿ ತಂದ ವರ್ಷ. ಒಬ್ಬೊಬ್ಬರಿಗೆ ವರ್ಷಕ್ಕೆ ಐದು ಸಾವಿರ ಡಾಲರ್ ಹಾಕಲು ಜಾಗ. ಅದರೊಳಗೆ ಷೇರು ಕೊಳ್ಳಿ, ಮಾರಿ, ಬೆಳೆದದ್ದಕ್ಕೆ ತೆರಿಗೆಯಿಲ್ಲ. ನಾವಿಬ್ಬರೂ ಒಂದೇ ಬೆಳಿಗ್ಗೆ, ಒಂದೇ ಬ್ಯಾಂಕಿನಲ್ಲಿ, ಒಂದೇ ಮೊತ್ತ ಹಾಕಿದೆವು. ಹೊರಗೆ ಬಂದು ಗುಲಾಬಿ ಐಸಿಂಗ್‌ನ ಪರ್ಷಿಯನ್ ಬನ್ ತಿನ್ನುತ್ತ ನಾನೇ ಪಂದ್ಯ ಕಟ್ಟಿದೆ. ಡಿಸೆಂಬರ್ ಕೊನೆಯ ದಿನ ಯಾರ ಖಾತೆ ದೊಡ್ಡದೋ ಅವನು ಗೆದ್ದ. ಜನವರಿಯ ಮೊದಲ ಗುರುವಾರ ಆಟ ಮುಗಿದ ಮೇಲೆ ಇಲ್ಲಿ, ಮೇಲಿನ ಬಾರಿನಲ್ಲಿ ತೀರ್ಮಾನ. ನಮ್ಮ ಆಟದ ಪದ್ಧತಿ ನಿಮಗೆ ಗೊತ್ತೇ ಇದೆ — ಸೋತವನಿಗೆ ಮೊದಲ ಗ್ಲಾಸು ಗೆದ್ದವನೇ ಕೊಡಿಸಬೇಕು. ಷೇರಿಗೂ ಅದೇ ಪದ್ಧತಿ ಎಂದೆ.

ಆವತ್ತಿನಿಂದ ಹೋದ ವರ್ಷದ ತನಕ ಪ್ರತಿ ಜನವರಿ ಪುಕ್ಕಟೆ ರೈ ವಿಸ್ಕಿ ಕುಡಿದಿದ್ದೇನೆ ನಾನು.

ನಗಬೇಡಿ. ಪುಕ್ಕಟೆ ವಿಸ್ಕಿಯಷ್ಟು ಕಹಿ ಈ ಊರಿನಲ್ಲಿ ಇನ್ನೊಂದಿಲ್ಲ.

ಆರ್ನೆ ಮಾಡಿದ್ದೇನು? ಏನೂ ಇಲ್ಲ — ಹೊಟ್ಟೆ ಉರಿಯುವುದೇ ಅದಕ್ಕೆ. ರೈಲ್ವೆಯ ಷೇರು ಕೊಂಡ, ಒಂದು ಬ್ಯಾಂಕಿನದು ಕೊಂಡ, ಸುಮ್ಮನೆ ಕೂತ. ನಾವು ಗೋದಾಮಿನಲ್ಲಿ ಇಳಿಸುತ್ತಿದ್ದ ಗೋಧಿ ಬರುತ್ತಿದ್ದದ್ದು ಅದೇ ರೈಲ್ವೆಯ ಡಬ್ಬಿಯಲ್ಲಿ. "ಈ ಗಾಡಿ ಬರೋದು ನಿಲ್ಲಲಿ, ಆವಾಗ ಮಾರ್ತೀನಿ" ಎನ್ನುತ್ತಿದ್ದ. ಗಾಡಿ ನಿಲ್ಲಲಿಲ್ಲ, ಅವನು ಮಾರಲಿಲ್ಲ. ಬಂದ ಲಾಭಾಂಶದಿಂದ ಮತ್ತೆ ಅದನ್ನೇ ಕೊಂಡ.

ನಾನು ಸುಮ್ಮನೆ ಕೂರುವವನೇ? ಸಡ್ಬರಿಯ ಆಚೆ ಚಿನ್ನ ಸಿಗುತ್ತದೆ ಎಂದರು, ಆ ಗಣಿಯ ಷೇರು ಕೊಂಡೆ. ಸಿಕ್ಕಿದ್ದು ನೀರು. ಗಾಂಜಾಕ್ಕೆ ಕಾನೂನಿನ ಒಪ್ಪಿಗೆಯಾಗುತ್ತದೆ, ಇನ್ನು ದೇಶವೆಲ್ಲ ಹೊಗೆ ಎಂದರು. ಆ ಷೇರನ್ನೂ ಕೊಂಡೆ. ಒಪ್ಪಿಗೆಯೂ ಆಯಿತು, ಹೊಗೆಯೂ ಎದ್ದಿತು — ನನ್ನ ದುಡ್ಡಿನದು. ಆಮೇಲೆ ಹಟಕ್ಕೆ ಬಿದ್ದು ಅಮೆರಿಕದ ದೊಡ್ಡ ಕಂಪನಿಗಳ ಷೇರು ತಂದು ಅದೇ ಖಾತೆಗೆ ತುಂಬಿದೆ. ಲಾಭಾಂಶ ಬಂದಾಗಲೆಲ್ಲ ಅಮೆರಿಕದವರು ತಮ್ಮ ತೆರಿಗೆಯ ಪಾಲು ಮುರಿದುಕೊಂಡು ಕಳಿಸಿದರು. ಆರ್ನೆಗೂ ಅಂಥವು ಇದ್ದವು. ಆದರೆ ಅವನು ಇಟ್ಟದ್ದು ನಿವೃತ್ತಿ ಖಾತೆಯಲ್ಲಿ, ಅಲ್ಲಿ ಅವರು ಮುರಿಯುವಂತಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಎಂದು ಜಗಳ ತೆಗೆದರೆ, "ನೀನು ಕೇಳಿದ್ಯಾ? ನೀನು ಯಾವತ್ತಾದ್ರೂ ಕೇಳಿದ್ದೀಯಾ?" ಎಂದ.

ಕೇಳುವುದೇ? ಅವನನ್ನೇ? ನಾನೇ?

ಒಂದು ವರ್ಷ ವಸಂತದಲ್ಲಿ ಹಳೆಯ ಪಿಕಪ್ ಕೈಕೊಟ್ಟಿತು. ಖಾತೆಯಿಂದ ದುಡ್ಡು ತೆಗೆದು ಹೊಸ ಗಾಡಿ ತಂದೆ. ಶರತ್ಕಾಲಕ್ಕೆ ಮೀನು ಹಿಡಿಯುವ ದೋಣಿ ಮಾರಿದೆ. ಗುರುವಾರದ ಲೆಕ್ಕದಲ್ಲಿ ಹಿಂದೆ ಬೀಳಬಾರದಲ್ಲ, ಆ ದುಡ್ಡನ್ನು ಗಡಿಬಿಡಿಯಲ್ಲಿ ಖಾತೆಗೆ ವಾಪಸು ತುಂಬಿದೆ. ಬಂತು ನೋಡಿ ತೆರಿಗೆ ಇಲಾಖೆಯ ದಂಡ. ತೆಗೆದವನಿಗೆ ತೆಗೆದಷ್ಟು ಜಾಗ ಮತ್ತೆ ತೆರೆಯುವುದು ಮುಂದಿನ ಜನವರಿ ಒಂದಕ್ಕೇ ಅಂತೆ. ಅದೇ ವರ್ಷ ಹಾಕಿದರೆ ಹೆಚ್ಚು ಹಾಕಿದ ಹಾಗೆ, ತಿಂಗಳಿಗೆ ನೂರಕ್ಕೆ ಒಂದರಂತೆ ದಂಡ. ಇಲ್ಲಿರುವವರಲ್ಲಿ ಕಾಲು ಭಾಗ ಜನ ಈ ತಪ್ಪು ಮಾಡಿದ್ದೀರಿ, ತಲೆ ಬಗ್ಗಿಸಿದವರೆಲ್ಲ ನನಗೆ ಕಾಣುತ್ತಿದ್ದೀರಿ.

ಆ ಜನವರಿ ಆರ್ನೆ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ವಿಸ್ಕಿ ನನ್ನ ಕಡೆ ಸರಿಸಿ ಮೆಲ್ಲಗೆ ಹೇಳಿದ: "ತೆಗೆಯೋದಿದ್ರೆ ಡಿಸೆಂಬರ್ ಕೊನೇಲಿ ತೆಗಿ ಕಣೋ. ಹೊಸ ವರ್ಷ ಹುಟ್ಟಿದ ತಕ್ಷಣ ವಾಪಸ್ ಹಾಕ್ಬಹುದು. ಏನೂ ಕಳ್ಕೊಳ್ಳಲ್ಲ." ಆಮೇಲೆ ಇನ್ನೊಂದು ಮಾತೂ ಹೇಳಿದ — ಗಾಡಿಗೆ ಹೋದದ್ದನ್ನು ಕೂಡಿಸಿಯೇ ಈ ಸಲ ಲೆಕ್ಕ ಹಾಕೋಣ, ಪಾಪ, ಎಂದ. ಪಾಪ! ನಾನು ಮೇಜು ಗುದ್ದಿದೆ. "ಕೊನೇ ದಿನ ಖಾತೇಲಿ ಏನಿದೆಯೋ ಅಷ್ಟೇ ಲೆಕ್ಕ. ಯಾರಿಗೂ ರಿಯಾಯ್ತಿ ಬೇಡ" ಎಂದೆ. ಬಾರಿನಲ್ಲಿ ಇದ್ದವರೆಲ್ಲ ಕೇಳಿದಿರಿ. ನೆನಪಿಡಿ ಆ ಮಾತು.

ಈಗ ಈ ಜನವರಿಗೆ ಬರುತ್ತೇನೆ.

ಶರತ್ಕಾಲದಲ್ಲೇ ಅವನಿಗೆ ಕಾಯಿಲೆ ಗೊತ್ತಾಗಿತ್ತು. ಕಲ್ಲು ಜಾರಿಸುವ ಶಕ್ತಿ ಇರಲಿಲ್ಲ, ಗಾಜಿನ ಹಿಂದೆ ಕೂತು ನಮ್ಮ ಆಟ ನೋಡಿದ. ಆಮೇಲೆ ಲೆಕ್ಕಕ್ಕೆ ಕೂತೆವು. ನನ್ನ ಮೊತ್ತ ಹೇಳಿದೆ. ಅವನು ತನ್ನದು ಹೇಳಿದ. ನಾನು ಮತ್ತೆ ಕೇಳಿದೆ. ಅವನು ಮತ್ತೆ ಅದನ್ನೇ ಹೇಳಿದ — ನನ್ನದರ ಅರ್ಧವೂ ಇಲ್ಲ! "ಸ್ವಲ್ಪ ತೆಗೀಬೇಕಾಯ್ತು" ಎಂದ, ಅಷ್ಟೇ. ಇಲ್ಲಿ ಆಸ್ಪತ್ರೆಗೆ ಯಾರೂ ದುಡ್ಡು ಕಟ್ಟಬೇಕಿಲ್ಲ. ಹಾಗಾದರೆ ಚಳಿ ಕಳೆಯಲು ಲೆಂಪಿಯ ಜೊತೆ ಫ್ಲಾರಿಡಾಕ್ಕೆ ಹೊರಟಿದ್ದಾನೆ ಎಂದುಕೊಂಡೆ. ಅದಕ್ಕೂ ಹೊಟ್ಟೆ ಉರಿಯಿತು ನನಗೆ, ಏನು ಹೇಳಲಿ!

ಆದರೂ ಗೆಲುವು ಗೆಲುವೇ. ಎದ್ದು ನಿಂತೆ. ಜೇಬಿಗೆ ಕೈ ಹಾಕಿದೆ — ಹೀಗೆ, ನಿಧಾನವಾಗಿ, ಎಲ್ಲರಿಗೂ ಕಾಣುವಂತೆ. ಬಾರಿನಲ್ಲಿ ಇರುವುದರಲ್ಲಿ ಒಳ್ಳೆಯ ರೈ ಕೇಳಿದೆ. ಒಂದು ಗ್ಲಾಸಿಗೆ ಅವನು ಸಂಜೆಯೆಲ್ಲ ತೆಗೆದುಕೊಂಡ. ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಆದರೆ ಒಂದು ತೊಟ್ಟೂ ಬಿಡಲಿಲ್ಲ. ಮನೆಗೆ ಹೋಗುವಾಗ ನಾನು ಗಾಡಿಯಲ್ಲಿ ಹಾಡು ಹೇಳಿದೆನಂತೆ. ವೆರ್ನಾ ಹೇಳುತ್ತಾಳೆ.

ಮಾರ್ಚ್‌ನಲ್ಲಿ ಅವನು ಹೋದ.

ಕಳೆದ ವಾರ ಲೆಂಪಿಯ ಅಡಿಗೆಮನೆಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆ. ಸಮಾಧಾನ ಹೇಳಲು ಹೋದವನು ನಾನು. ಹೇಳಿದ್ದೇನು? ಏನೇ ಆಗಲಿ ಲೆಂಪಿ, ಕೊನೆಯ ವರ್ಷ ನಾನು ಗೆದ್ದೆ ಎಂದೆ. ಗೆಲುವು ಅಂದರೆ ಹಾಗೆ, ಬಾಯಿಂದ ತಾನೇ ಹೊರಗೆ ಬೀಳುತ್ತದೆ.

ಲೆಂಪಿ ಕಪ್ ಕೆಳಗಿಟ್ಟಳು. ಲೆಂಪಿ, ನಿನ್ನ ಮಾತು ಇವರಿಗೆಲ್ಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

"ಮೈರನ್, ನಿಮಗಿನ್ನೂ ಗೊತ್ತಾಗಿಲ್ವಾ? ಡಿಸೆಂಬರ್ ಕೊನೇಲಿ ಬ್ಯಾಂಕಿಗೆ ಕರ್ಕೊಂಡು ಹೋದವಳು ನಾನೇ. ರೈಲ್ವೆ ಷೇರು ಪೂರ್ತಿ ಮಾರಿ ದುಡ್ಡು ಆಚೆ ತೆಗೆದ್ರು. ನಿಮ್ಮ ಜೊತೆ ಕುಡಿದು ಬಂದ್ರಲ್ಲ, ಮಾರನೇ ದಿನ ಬೆಳಿಗ್ಗೆ ಎಲ್ಲಾ ವಾಪಸ್ ಹಾಕಿ ಮತ್ತೆ ಅದೇ ಷೇರು ತಗೊಂಡ್ರು."

ರೈಲ್ವೆ! ಗಾಡಿ ನಿಲ್ಲುವ ತನಕ ಮಾರೆನೆಂದಿದ್ದ ರೈಲ್ವೆ! ಯಾಕೆ ಎಂದು ಲೆಂಪಿಯೂ ಕೇಳಿದಳಂತೆ. ಅವನು ಹೇಳಿದ್ದಿಷ್ಟೇ: "ಮೈರನ್ ಜೇಬಿಗೆ ಕೈ ಹಾಕೋದನ್ನ ಒಂದ್ಸಲ ನೋಡ್ಬೇಕು ಕಣೇ."

ಇಷ್ಟಕ್ಕೇ ಮುಗಿದಿದ್ದರೆ ನಾನು ಅತ್ತುಬಿಡುತ್ತಿದ್ದೆ. ಮುಗಿಯಲಿಲ್ಲ. ಅವನು ಮಾರಿದ ಮೇಲೆ ಆ ಷೇರಿನ ಬೆಲೆ ಇಳಿದಿತ್ತು. ಮರಳಿ ಕೊಂಡಾಗ ಮೊದಲಿಗಿಂತ ಹೆಚ್ಚು ಷೇರು ಸಿಕ್ಕವು. ನನಗೆ ಗೆಲುವನ್ನು ದಾನ ಮಾಡಿದ, ಅದರಲ್ಲೂ ಲಾಭ ಮಾಡಿಕೊಂಡ! ಇಂಥ ಮನುಷ್ಯನನ್ನು ಏನು ಮಾಡುವುದು, ನೀವೇ ಹೇಳಿ. ಕ್ಯಾರಿನ್, ನಿನ್ನಪ್ಪ ಒಳ್ಳೆಯವನು ಎಂದು ಎಲ್ಲರೂ ಹೇಳಿಯಾರು. ಅಷ್ಟು ಒಳ್ಳೆಯವನ ಪಕ್ಕದಲ್ಲಿ ನಿಂತು ಬಾಳುವುದು ಎಷ್ಟು ಕಷ್ಟ ಎಂದು ನಾನೊಬ್ಬನೇ ಹೇಳಬಲ್ಲೆ.

ಹಾಗಾದರೆ ಗೆದ್ದವರು ಯಾರು? ಒಂದು ವಾರದಿಂದ ನಿದ್ದೆಗೆಟ್ಟು ಯೋಚಿಸಿದ್ದೇನೆ. ಕೊನೆಯ ದಿನ ಖಾತೆಯಲ್ಲಿ ಇದ್ದದ್ದಷ್ಟೇ ಲೆಕ್ಕ — ಮೇಜು ಗುದ್ದಿ ಹೇಳಿದವನು ನಾನು, ಕೇಳಿದವರು ನೀವು. ಆ ಮಾತಿನ ಪ್ರಕಾರ ನಾನೇ ಗೆದ್ದೆ. ಆದರೆ ನಮ್ಮ ಆಟದಲ್ಲಿ ಇನ್ನೊಂದು ಮಾತಿದೆ. ತೀರ್ಪು ಹೇಳುವವರಿಲ್ಲ ಇಲ್ಲಿ. ಜಾರುವ ಕಲ್ಲಿನ ಮುಂದೆ ಹಿಮ ಉಜ್ಜುವ ಪೊರಕೆ ಕಲ್ಲಿಗೆ ತಾಗಿದರೆ, ತಾಗಿಸಿದವನೇ ಕೈಯೆತ್ತಿ ಹೇಳಬೇಕು. ಇಷ್ಟು ವರ್ಷ ಅಂಕಣದ ಮೇಲೆ ಕೂದಲೆಳೆ ತಾಗಿದರೂ ಹೇಳುತ್ತಿದ್ದ ಆರ್ನೆ, ಈ ಒಂದು ಕಲ್ಲನ್ನು ಬೇಕೆಂದೇ ಮುಟ್ಟಿ ನನ್ನ ಕಡೆ ತಳ್ಳಿ, ಏನೂ ಆಗಿಲ್ಲ ಎಂಬಂತೆ ಕೂತು ವಿಸ್ಕಿ ಕುಡಿದ. ಮೋಸ! ಆರ್ನೆ ಕೊಸ್ಕೆಲಾ ಜೀವನದಲ್ಲಿ ಒಂದು ಸಲ ಮೋಸ ಮಾಡಿದ್ದಾನೆ, ಅದು ನನ್ನೊಬ್ಬನ ಜೊತೆ. ನಿಮಗ್ಯಾರಿಗೂ ಅದು ಸಿಗಲಿಲ್ಲ. ಈಗ ನೀವು ಪಡಿ ಹೊಟ್ಟೆಕಿಚ್ಚು.

ಇನ್ನು ನಿಲ್ಲಿಸುತ್ತೇನೆ. ಸಭೆ ಮುಗಿದ ಮೇಲೆ ಎಲ್ಲರೂ ಮೇಲೆ ಬನ್ನಿ. ಇವತ್ತು ಮೊದಲ ಗ್ಲಾಸು, ಅಷ್ಟೂ ಜನಕ್ಕೆ, ನನ್ನದು. ಲೆಂಪಿ, ನೀನು ಪರ್ಸ್ ಮುಟ್ಟಿದರೆ ನೋಡು. ನೋಡಬೇಕು ಎಂದನಲ್ಲ ಆರ್ನೆ — ಕಣ್ತುಂಬ ನೋಡಲಿ.

ಅದಕ್ಕೆ ಮುಂಚೆ, ಏಳಲು ಆಗುವವರೆಲ್ಲ ಏಳಿ. ಆಗದವರು ಕೂತಲ್ಲೇ ಇರಿ, ಅವನು ಏನೂ ಅಂದುಕೊಳ್ಳುವುದಿಲ್ಲ. ಸೋಲೊಪ್ಪುವವನು ಕೈಗವಸು ತೆಗೆದು ಬರಿಗೈ ಚಾಚುವುದು ನಮ್ಮ ಪದ್ಧತಿ. ಇಷ್ಟು ವರ್ಷ ಒಂದು ಸಲವೂ ನಾನು ಅವನಿಗೆ ಕೈ ಚಾಚಿದವನಲ್ಲ. ಇವತ್ತು ತೆಗೆಯುತ್ತೇನೆ. ಜೇಬಿಗೆ ಹಾಕಬೇಕಾದದ್ದೂ ಇದೇ ಕೈ, ಹೇಗಿದ್ದರೂ ಗವಸು ತೆಗೆಯಲೇಬೇಕು.

ನೀವೂ ತೆಗೆಯಿರಿ. ಚಳಿ ಕೈಗೆ ತಾಗಲಿ. ಅಂಕಣದ ಕಡೆ ತಿರುಗಿ — ಇನ್ನು ಯಾರೂ ಮಾತಾಡಬೇಡಿ.