ಖಾರದ ಹಿಂದಿನ ಪಾಳಿ

ಅಲ್ಲ ಸಹನಾ, ಅಷ್ಟುದ್ದ ಮೆಸೇಜು ಗ್ರೂಪಿನ್ಯಾಗ ಹಾಕಿ, ಯಾರೂ ಹೂಂ ಅನ್ನವಲ್ರು ಅಂತ ಮಾರಿ ಸಣ್ಣದು ಮಾಡ್ಕೊಂಡು ಕುಂತೀಯಲ್ಲ, ಓದಿದ ಕೂಡಲೆ ಮಂದಿ ಒಪ್ಪತಾರ ಅಂತ ನಿನಗ ಯಾರು ಹೇಳಿದ್ರು? ಮೊದಲ ಬೆನ್ನು ನೆಟ್ಟಗ ಮಾಡು. ಹಾಂ, ಹಂಗ. ಹಾಸ್ಟೆಲ್ಲಿನ ಹುಡಿಗ್ಯಾರೆಲ್ಲಾ ಕೂಡಿ ಒಂದು ಮಾತಿಗೆ ಬರಬೇಕು ಅಂತೀ. ನಾನೂ ಹಂಗ ಅಂದಾಕಿನ, ಮದುವ್ಯಾಗಿ ನೇಸರಗಿಗೆ ಬಂದ ಹೊಸತಿನ್ಯಾಗ. ಬೆಳಗಾವಿ ಕಾನ್ವೆಂಟಿನ್ಯಾಗ ಕಲತಾಕಿ ನಾನು. ಅಲ್ಲಿ ಸಿಸ್ಟರು ಒಂದು ಸರ್ತಿ ಗಂಟಿ ಬಾರಿಸಿದ್ರ ಇಡೀ ಸಾಲಿ ಗಪ್ ಆಗತಿತ್ತು. ಊರೂ ಹಂಗ ಇರತೈತಿ ಅಂತ ತಿಳಕೊಂಡಿದ್ದೆ.

ನೀವೂ ಎಲ್ಲಾ ಮೊಮ್ಮಕ್ಕಳು ಕೇಳ್ರಿ, ಆಗಿನ ದಿನ ಭಾಳ ತ್ರಾಸಿನವು. ನೀರು ದೂರದಿಂದ ಹೊತ್ತು ತರಬೇಕು, ಕರೆಂಟು ಬಂದ್ರ ಬಂತು, ಇಲ್ಲಂದ್ರ ಇಲ್ಲ. ಜ್ವಾಳ ಬೀಸಾಕ ಓಣಿಗೆಲ್ಲಾ ಒಂದ ಗಿರಣಿ, ಅದಕ್ಕ ಇದ್ದದ್ದೂ ಒಂದ ಕಲ್ಲು. ಇರ್ಲಿ, ಗಿರಣಿ ಮಾತು ಆಮ್ಯಾಲೆ. ಮೊದಲ ಶಾರದಾ. ಶಾರದಾ ಅಂದ್ರ ನಿಮ್ಮ ಅಜ್ಜಾರ ತಂಗಿ, ನನಗ ನಾದಿನಿ. ಆ ವರ್ಷ ಏಳನೇತ್ತೆ ಪಾಸಾಗಿದ್ಲು, ಸಾಲಿಗೇ ಮೊದಲನೇದಾಕಿ. ಮುಂದ ಹೆಣ್ಣುಮಕ್ಕಳ ಹೈಸ್ಕೂಲಿಗೆ ಬೈಲಹೊಂಗಲಕ್ಕ ಬಸ್ಸಿಗೆ ಹೋಗಬೇಕು. ನಮ್ಮ ಮಾವಾರು ಅಂದ್ರು, "ಒಬ್ಬಾಕೀನ್ನ ಬಸ್ಸು ಹತ್ತಸಂಗಿಲ್ಲ. ಓಣ್ಯಾಗಿನ ನಾಕು ಹುಡಿಗ್ಯಾರು ಕೂಡಿ ಹೊಂಟ್ರ ಹೋಗ್ಲಿ. ಇಲ್ಲಂದ್ರ ಸಾಲಹಳ್ಳಿಯಿಂದ ಒಂದು ಸಂಬಂಧ ಬಂದೈತಿ, ಮಳಿ ಬೀಳೂದ್ರಾಗ ಮಾತು ಮುಗಿಸೋಣು." ಪಾಪ, ಆ ಹುಡಿಗಿ ಅಡಗಿಮನ್ಯಾಗ ನನ್ನ ಸೆರಗು ಹಿಡಕೊಂಡು, "ವೈನಿ, ನೀವ ಏನರ ಮಾಡ್ರಿ, ನಾ ನಿಮ್ಮಂಗ ಕಲೀಬೇಕು" ಅಂದ್ಲು. ನಿಮ್ಮಂಗ ಅಂದ್ಲಲ್ಲ, ನಾ ಉಬ್ಬಿಹೋದೆ.

ಓಣ್ಯಾಗಿನ ತಾಯಂದ್ರನ್ನೆಲ್ಲಾ ಮನಿಗೆ ಕರಸಿದೆ. ಕುರ್ಚಿ ಸಾಲಾಗಿ ಹಾಕಿದೆ, ಕಪ್ಪು-ಬಸಿಯಾಗ ಚಾ ಕೊಟ್ಟೆ, ಎದ್ದು ನಿಂತು ಹೆಣ್ಣುಮಕ್ಕಳ ಶಿಕ್ಷಣ ಅಂತ ಭಾಷಣ ಮಾಡಿದೆ. ಚೊಲೊನ ಮಾತಾಡಿದೆ, ಒಂದು ತಪ್ಪಿಲ್ಲ. ಅವರು ಕುರ್ಚಿ ತುದಿಮ್ಯಾಲೆ ಕುಂತು "ಹೂನ್ರಿ ಬಾಯಾರ, ಹೂನ್ರಿ ಬಾಯಾರ" ಅಂದ್ರು. ಹೋಗೂಮುಂದ ಗಂಗವ್ವ, ಆಕಿ ಮಾತು ಅಂದ್ರ ಇಡೀ ಓಣಿಗೆ ಮಾತು, ಬಾಗಲದಾಗ ನಿಂತು ಏನಂದ್ಲು ಗೊತ್ತೇನು? "ಚಾ ಭಾಳ ಚೊಲೊ ಇತ್ರಿ." ಅಷ್ಟ! ಒಬ್ಬಾಕೀನೂ ಮಗಳನ್ನ ಕಳಸ್ತೇನಿ ಅನ್ನಲಿಲ್ಲ.

ಮುಂದ ಬ್ಯಾಸಗಿ ಬಂತು, ಎಲ್ಲಾ ಮನ್ಯಾಗೂ ವರ್ಷದ ಖಾರ ಮಾಡೂ ದಿನ. ನಮ್ಮ ಮನ್ಯಾಗ ಗಿರಣಿಗೆ ಹೋಗತಿದ್ದಾಕಿ ಕೆಲಸದ ನೀಲವ್ವ. ಆಕೀಗೆ ಜ್ವರ ಬಂತು ಅಂತ ನಾನ ಜ್ವಾಳದ ಡಬ್ಬಿ ತಗೊಂಡು ಹೋದೆ. ಹೋದ್ರ ಏನು ನೋಡತೀರಿ, ಆಗಷ್ಟ ಯಾರದೋ ಮೆಣಸಿನಕಾಯಿ ಬೀಸಿ ಮುಗಿದೈತಿ, ಘಾಟಿಗೆ ನನಗ ಸೀನು ನಿಲ್ಲವಲ್ದು. ಡಬ್ಬಿ ಸಾಲಾಗಿ ಇಟ್ಟಾವು, ಗಿರಣಿ ತಿರಗಾಕತ್ತೈತಿ, ಒಬ್ಬಾಕೀನೂ ಮುಂದ ಬರವಲ್ಲಳು. "ನೀ ಹಾಕ", "ಏ, ನೀ ಹಾಕ", "ಯವ್ವಾ, ನಾ ಒಲ್ಲೆ." ನನಗ ತಡಕೊಳ್ಳಾಕ ಆಗಲಿಲ್ಲ. ಕರೆಂಟು ಯಾವಾಗ ಹೋಗತೈತೋ ಗೊತ್ತಿಲ್ಲ, ಇವರು ನೀ ಮೊದಲು, ನೀ ಮೊದಲು ಅಂತ ಮರ್ಯಾದಿ ಮಾಡಾಕತ್ತಾರ, ಶಿಸ್ತು ಅನ್ನೂದು ಇಲ್ಲ! "ಸರೀರಿ" ಅಂದು ನನ್ನ ಡಬ್ಬಿ ಎತ್ತಿ ಸುರುವೇ ಬಿಟ್ಟೆ. ಗಂಗವ್ವ ಮೆಲ್ಲಕ ಬಂದು, "ಬಾಯಾರ, ಖಾರದ ಬೆನ್ನಿಗೆ ಹಾಕೀರಿ. ಗೊತ್ತೈತಿಲ್ರಿ?" ಅಂದ್ಲು. "ಗೊತ್ತೈತಿ ಗಂಗವ್ವಾ. ಯಾರರ ಒಬ್ಬರು ಹಾಕಬೇಕಲ್ಲ" ಅಂದೆ. ಏನು ಗೊತ್ತಿತ್ತು? ಏನೂ ಗೊತ್ತಿರಲಿಲ್ಲ! ಆದ್ರ ಗೊತ್ತಿಲ್ಲ ಅನ್ನೂದು ಕಾನ್ವೆಂಟಿನ್ಯಾಗ ನನಗ ರೂಢಿ ಇರಲಿಲ್ಲ.

ಊಟಕ್ಕ ಕುಂತಾಗ ಗೊತ್ತಾತು. ಮಾವಾರು ಒಂದು ತುತ್ತು ರೊಟ್ಟಿ ಬಾಯಾಗ ಹಾಕಿದ್ರು, ಮಾರಿ ಕೆಂಪಗಾತು. "ಯವ್ವಾ, ಪಲ್ಯ ರೊಟ್ಟ್ಯಾಗ ಕಲಸೀ ಏನು?" ಅಂತ ತಂಬಗಿ ನೀರು ಎತ್ತಿ ಗಟಗಟ ಕುಡದ್ರು. ಕಲ್ಲಿನ್ಯಾಗ ಉಳದ ಖಾರೆಲ್ಲಾ ನಮ್ಮ ಜ್ವಾಳಕ್ಕ ಬಂದಿತ್ತು. ಅದಕ್ಕ ಆ ಪಾಳಿ ಯಾರಿಗೂ ಬ್ಯಾಡ! ಡಬ್ಬಿ ತುಂಬ ಹಿಟ್ಟು, ಚೆಲ್ಲೂ ಕಾಲ ಅಲ್ಲ ಅದು. ಶಾರದಾ ಕಣ್ಣಾಗ ನೀರು ತುಂಬ್ಕೊಂಡು ತಿಂತಾಳ, ನಗತಾಳ, ಮತ್ತ ತಿಂತಾಳ.

ಮರುದಿನ ಹಿತ್ತಲ ಬಾಗಲಕ್ಕ ಗಂಗವ್ವ ಬಂದ್ಲು, ಕೈಯಾಗ ಗಡಿಗಿ ಮೊಸರು. "ಮುದುಕಾರಿಗೆ ಹಾಕ್ರಿ, ಉರಿ ಇಳೀತೈತಿ." ಕುರ್ಚಿ ಕೊಡಾಕ ಹೋದೆ, ಆಕಿ ನೆಲದಮ್ಯಾಲೆ ಕುಂತೇಬಿಟ್ಲು. ನಾನೂ ಕುಂತೆ. "ಬಾಯಾರ, ನಮ್ಮನ್ಯಾಗ ಬಾಣಂತಿ ಅದಾಳ, ನಿನ್ನೆ ಆ ಪಾಳಿ ನಂದಿತ್ತು. ನೀವು ಉಳಿಸಿದ್ರಿ. ಅವತ್ತೇನೋ ಸಾಲಿ ಮಾತು ಹೇಳಿದ್ರಲ್ಲ, ಈಗ ಹೇಳ್ರಿ, ಸಣ್ಣದಾಗಿ ಹೇಳ್ರಿ." ಹೇಳಿದೆ. ಆಮ್ಯಾಲೆ ಅಂದೆ, "ಬ್ಯಾಸಗಿ ಮುಗಿಯೂತನಕ ಖಾರದ ಹಿಂದಿನ ಪಾಳಿ ನಂದು. ಯಾರು ಮಗಳನ್ನ ಸಾಲಿಗೆ ಕಳಸ್ತಾರ, ಅವರಿಗೆ ಆ ಪಾಳಿ ಬರಾಕ ನಾ ಬಿಡಂಗಿಲ್ಲ." ಗಂಗವ್ವ ನಕ್ಕಳು. "ಬರೇ ಹಿಟ್ಟಿಗೆ ಮೊಮ್ಮಗಳನ್ನ ಕೊಟ್ಟೇನ್ರಿ? ಮೊದಲಿಗೆ ನಾಕು ದಿನ ನೀವೂ ಬಸ್ಸು ಹತ್ತಿ ಬಿಟ್ಟು ಬರಬೇಕು." "ಹತ್ತತೇನಿ. ಆದ್ರ ಹುಡಿಗ್ಯಾರು ಹೆಳಲು ಬಿಗಿಯಾಗಿ ಹಾಕ್ಕೊಂಡು, ಉಗುರು ಕತ್ತರಿಸ್ಕೊಂಡು ಬರಬೇಕು." "ಅಯ್ಯ ನಮ್ಮವ್ವ, ಸಾಲಿಗಿಂತ ಇದ ಕಠಿಣ ಐತಿ!"

ಇನ್ನ ಮನಿಮನಿಗೆ ಹೋಗಿ ಹೇಳತೇನಿ ಅಂತ ಎದ್ದೆ. ಆಕಿ ಕೈ ಹಿಡದು ಕುಂದರಿಸಿದ್ಲು. "ಹೋಗಬ್ಯಾಡ್ರಿ. ನೀವು ಹೋದ್ರ ಚಾ ಕೊಟ್ಟು ಹೂಂ ಅಂತಾರ. ಗಿರಣಿಗೆ ಬರ್ರಿ, ಬಾಯಿ ಮುಚ್ಕೊಂಡು ನಿಂದರ್ರಿ." ಸಿಟ್ಟು ಬಂತು ನನಗ, ಆದ್ರ ನಿಂತೆ. ಪ್ರತಿ ವಾರ ಖಾರದ ಬೆನ್ನಿಗೆ ನನ್ನ ಡಬ್ಬಿ, ಪಾಳಿಯೊಳಗ ಗಂಗವ್ವನ ಮಾತು. "ಮುಂಜಾನೆ ನೀರು ಯಾರು ತರಬೇಕು?" ಅಂದ್ಲು ಒಬ್ಬಾಕಿ. "ನನ್ನ ಸೊಸಿ ನಿನ್ನ ಕೊಡಾನೂ ತರ್ತಾಳ ತಗೋ" ಅಂದ್ಲು ಇನ್ನೊಬ್ಬಾಕಿ. "ನನ್ನ ಗಂಡ ಒಪ್ಪಂಗಿಲ್ಲ" ಅಂದಾಕೀಗೆ ಗಂಗವ್ವ, "ನಿಮ್ಮಾಂವ ತನ್ನ ಅಕ್ಕನ ಮಾತು ಮೀರಂಗಿಲ್ಲ, ಆಕಿ ನಾಳೆ ಸಂತಿಗೆ ಬರ್ತಾಳ, ನಾ ನೋಡ್ಕೋತೇನಿ" ಅಂದ್ಲು. ನಾ ನಡುವ ಬಾಯಿ ಹಾಕಾಕ ಹೋದಾಗೆಲ್ಲಾ ಕಣ್ಣಿಲೆ ಗದರಿಸೋಳು. ಸಿಸ್ಟರಿಗಿಂತ ಜೋರು!

ಮಳಿಗಾಲ ಹತ್ರ ಬಂತು. ಮಾವಾರು ಊಟಕ್ಕ ಕುಂತಾಗ ಅಂದೆ, "ಮಾವಾರ, ನಾಕು ಹುಡಿಗ್ಯಾರು ಅಂದಿದ್ರಿ. ಶಾರದಾನ್ನ ಹಿಡದು ಆರು ಆದ್ರು." ಹಣಿಮ್ಯಾಲೆ ಬೆವರು, ಬಾಯಾಗ ರೊಟ್ಟಿ, ನನ್ನ ಕಡೆ ನೋಡಿದ್ರು. "ನಾ ಹೂಂ ಅಂದ್ರ ಈ ಖಾರದ ರೊಟ್ಟಿ ನಿಲ್ತಾವೇನವ್ವಾ?" "ಬ್ಯಾಸಗಿ ಮುಗಿಯೂತನಕ ಇಲ್ರಿ, ಮಾತು ಕೊಟ್ಟೇನಿ." "ಹಂಗಾದ್ರ ಬೆಣ್ಣಿ ಹೆಚ್ಚು ಹಾಕು" ಅಂದ್ರು, "ಹುಡಿಗಿ ಹೋಗ್ಲಿ." ಸಾಲಹಳ್ಳಿಯವರಿಗೆ ತಾವ ಹೋಗಿ ಈಗ ಬ್ಯಾಡ ಅಂತ ಹೇಳಿ ಬಂದ್ರು.

ಸಾಲಿ ಸುರುವಾದ ದಿನ ಬಸ್ಸಿನ್ಯಾಗ ಆರು ಮಂದಿ, ಬಿಗಿ ಹೆಳಲು, ಅವರ ಹಿಂದ ನಾನು. ಕಂಡಕ್ಟರ್ ಅಂದ, "ಏನ್ರಿ ಬಾಯಾರ, ಇಡೀ ಓಣಿನ ಕಿತ್ಕೊಂಡು ಹೊಂಟೀರಿ?" ಕೆಳಗ ಗಂಗವ್ವ ಸೊಂಟದ ಮ್ಯಾಲೆ ಕೈ ಇಟ್ಕೊಂಡು, "ಸರಿಯಾಗಿ ಕುಂದರಸೋ, ಅವು ನಮ್ಮ ಗಿರಣಿ ಹುಡಿಗ್ಯಾರು" ಅಂತ ಒದರಿದ್ಲು. ಶಾರದಜ್ಜಿ ಸವದತ್ತ್ಯಾಗ ಹೆಡ್ ಮಾಸ್ತರಬಾಯಿ ಆಗಿ ರಿಟೈರ್ ಆದ್ಲು, ನಿಮಗ ಗೊತ್ತಲ್ಲ. ಈಗೂ ಬಂದ್ರ, "ವೈನಿ, ಆ ರೊಟ್ಟಿ ಬಡೀರಿ" ಅಂತಾಳ. ಮುದ್ದಾಮ, ಬೇಕಂತನ, ಹಿಟ್ಟಿನ್ಯಾಗ ಖಾರ ಕಲಸಿ ಬಡೀತೇನಿ.

ನಾಳೆ ಹಾಸ್ಟೆಲ್ಲಿಗೆ ಹೋಗಿ ಆ ಫೋನು ಕೆಳಗಿಡು ಸಹನಾ. ಅಲ್ಲಿ ಯಾರಿಗೂ ಬ್ಯಾಡಾದ ಪಾಳಿ ಯಾವುದೈತಿ ನೋಡು, ಅದನ್ನ ನೀ ಹಿಡಿ, ಆಮ್ಯಾಲೆ ಬಾಯಿ ತಗಿ. ಹೂಂ, ಏಳ್ರಿ, ಕೈ ತೊಳಕೋರಿ, ರೊಟ್ಟಿ ಆರತಾವು.